ಬೇಸ್‌ಗೆ ಫ್ಲ್ಯಾಟೋ ರೌಂಡೋ: ಪ್ಯಾಕೆಟ್ ಒಡೆದ ದಿನದ ಶಬ್ದ ನಂಬಬೇಡಿ

ಬೇಸ್ ಗಿಟಾರ್‌ಗೆ ಯಾವ ತಂತಿ ಹಾಕಲಿ ಅಂತ ಕೇಳಿದರೆ ಹತ್ತು ಜನ ಹತ್ತು ವಿಡಿಯೊ ತೋರಿಸುತ್ತಾರೆ. ಎಲ್ಲದರಲ್ಲೂ ಒಂದೇ ಕಥೆ. ಮೊದಲು ಹೊಸ ರೌಂಡ್‌ವೌಂಡ್ (ದುಂಡು ಎಳೆ ಸುತ್ತಿದ ತಂತಿ) ಹಾಕಿ ನುಡಿಸುತ್ತಾರೆ. ಅದನ್ನು ಬಿಚ್ಚಿ ಅದೇ ಬೇಸ್‌ಗೆ ಹೊಸ ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ ತಂತಿ) ಹಾಕಿ ಅದೇ ತುಣುಕು ನುಡಿಸುತ್ತಾರೆ. ಎರಡೂ ಪ್ಯಾಕೆಟ್‌ನಿಂದ ಆಗಷ್ಟೇ ಹೊರಗೆ ಬಂದವು. ನೋಡಿದವರು "ರೌಂಡ್ ಫಳಫಳ, ಫ್ಲ್ಯಾಟ್ ಮಂಕು" ಅಂತ ತೀರ್ಮಾನ ಮಾಡಿ ಎದ್ದು ಹೋಗುತ್ತಾರೆ. ನನ್ನ ತಕರಾರು ಇಲ್ಲೇ ಇರೋದು. ಹೊಸ ತಂತಿಯ ಮೇಲೆ ನಾವು ನುಡಿಸುವುದು ಕೆಲವೇ ದಿನ. ಉಳಿದ ಕಾಲವೆಲ್ಲ ಹಳೇ ತಂತಿಯ ಮೇಲೆಯೇ. ಹಾಗಾಗಿ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ತಂತಿ ಎರಡು ತಿಂಗಳ ಮೇಲೆ ಹೇಗಿರುತ್ತದೆ ಅನ್ನುವುದು. ಅದನ್ನು ಯಾವ ವಿಡಿಯೊನೂ ತೋರಿಸಲ್ಲ.

ನನ್ನ ಹತ್ತಿರ ಎರಡು ಬೇಸ್ ಇವೆ. ಒಂದು ಪ್ರಿಸಿಷನ್ ಮಾದರಿ, ಇನ್ನೊಂದು ಜಾಝ್ ಬೇಸ್ ಮಾದರಿ. ಎರಡೂ ನಾಲ್ಕು ತಂತಿಯವು, 34 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಭಾಗದ ಉದ್ದ). ಜಾಸ್ತಿ ಬೆರಳಲ್ಲೇ ನುಡಿಸುತ್ತೇನೆ, ಬೇಕಾದಾಗ ಪಿಕ್ ಹಿಡಿಯುತ್ತೇನೆ. ಹಾಡುವವರ ಹಿಂದೆ ನಿಂತು ತಾಳ ಕಾಯುವುದು ನನ್ನ ಕೆಲಸ. ಸೋಲೊ ನನಗೂ ಬೇಡ, ಕೇಳುವವರಿಗೂ ಬೇಡ. ಇನ್ನೊಂದು ವಿಷಯ, ನನ್ನ ಅಂಗೈ ವಿಪರೀತ ಬೆವರುತ್ತದೆ. ತಂತಿಯ ಮಾತು ಬಂದಾಗ ಇದು ಸಣ್ಣ ವಿಷಯವಲ್ಲ.

ತಂತಿಯ ಒಳಗೆ ಏನಿದೆ ಅಂತ ಬೇಗ ಹೇಳಿಬಿಡುತ್ತೇನೆ. ಎರಡರಲ್ಲೂ ನಡುವೆ ಉಕ್ಕಿನ ಒಂದು ಎಳೆ ಇರುತ್ತದೆ. ಅದರ ಸುತ್ತ ಇನ್ನೊಂದು ಲೋಹದ ಎಳೆ ಸುತ್ತಿರುತ್ತಾರೆ. ಹೊರಗೆ ಸುತ್ತಿದ್ದು ದುಂಡು ತಂತಿಯಾದರೆ ರೌಂಡ್‌ವೌಂಡ್, ಚಪ್ಪಟೆ ಪಟ್ಟಿಯಾದರೆ ಫ್ಲ್ಯಾಟ್‌ವೌಂಡ್. ರೌಂಡ್ ಮೇಲೆ ಬೆರಳು ಜಾರಿಸಿದರೆ ಜಿಪ್ ಮೇಲೆ ಉಗುರು ಎಳೆದ ಹಾಗೆ ಕಿರ್ರ್ ಅನ್ನುತ್ತದೆ. ಫ್ಲ್ಯಾಟ್ ಮೇಲೆ ಸದ್ದಿಲ್ಲದೆ ಜಾರುತ್ತದೆ. ಫ್ಲ್ಯಾಟ್‌ನಲ್ಲಿ ಪಟ್ಟಿಯ ಅಂಚುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದರಿಂದ ತಂತಿ ಕಂಪಿಸುವಾಗ ಒಳಗೊಳಗೇ ತಿಕ್ಕಾಟ ಜಾಸ್ತಿ. ಅದಕ್ಕೇ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಬರುವ ಮೇಲಿನ ಸ್ವರಗಳು) ಬೇಗ ಅಡಗುತ್ತವೆ, ಕೆಳಗಿನ ಸ್ವರ ನಿಲ್ಲುತ್ತದೆ. ಇವೆರಡರ ನಡುವೆ ಹಾಫ್ ರೌಂಡ್ ಅಂತ ಒಂದಿದೆ. ದುಂಡು ತಂತಿ ಸುತ್ತಿ, ಆಮೇಲೆ ಮೇಲ್ಮೈಯನ್ನು ಉಜ್ಜಿ ಸಪಾಟು ಮಾಡಿದ್ದು. ನೈಲಾನ್ ಪಟ್ಟಿ ಸುತ್ತಿದ ಟೇಪ್‌ವೌಂಡ್ ಬೇರೆಯೇ ಜಾತಿ. ಅದರ ಬಗ್ಗೆ ಇಲ್ಲಿ ಬರೆಯಲ್ಲ.

ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ಆಮೇಲಿನ ಹತ್ತು ಹದಿನೈದು ವರ್ಷ ಬೇಸ್ ಅಂದರೆ ಬಹುಪಾಲು ಫ್ಲ್ಯಾಟ್ ತಂತಿಯೇ. 1966ರಲ್ಲಿ 'ದ ಹೂ' ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಇಂಗ್ಲೆಂಡಿನ ರೋಟೊಸೌಂಡ್ ಕಂಪನಿಯ ಜೊತೆ ಕೂತು, ಪಿಯಾನೊ ತಂತಿಯ ಹಾಗೆ ಝಣಗುಟ್ಟುವ ರೌಂಡ್‌ವೌಂಡ್ ಮಾಡಿಸಿಕೊಂಡರು. ಸ್ವಿಂಗ್ ಬೇಸ್ 66 ಅನ್ನುವ ಆ ಸೆಟ್ ಇವತ್ತಿಗೂ ಮಾರಾಟದಲ್ಲಿದೆ. ಅಲ್ಲಿಂದ ಮುಂದೆ ರೌಂಡ್ ರೂಢಿಯಾಯಿತು, ಫ್ಲ್ಯಾಟ್‌ಗೆ 'ಹಳೇ ಕಾಲದ್ದು' ಅನ್ನುವ ಹಣೆಪಟ್ಟಿ ಅಂಟಿತು. ಇವತ್ತು ಹೊಸ ಬೇಸ್ ಕೊಂಡರೆ ಸಾಮಾನ್ಯವಾಗಿ ರೌಂಡ್ ಹಾಕಿಯೇ ಬರುತ್ತದೆ. ಹಾಗಾಗಿ ಎಷ್ಟೋ ಜನ ಫ್ಲ್ಯಾಟ್ ಮುಟ್ಟಿಯೂ ನೋಡಿರಲ್ಲ.

ಈಗ ಪರೀಕ್ಷೆಗೆ ಬರೋಣ. ಹೋಲಿಕೆ ನ್ಯಾಯವಾಗಿರಲಿ ಅಂತ ಒಂದೇ ಕಂಪನಿಯ, ಒಂದೇ ದಪ್ಪದ ಎರಡು ಸೆಟ್ ಆರಿಸಿಕೊಂಡೆ. ಡಿ'ಅಡ್ಡಾರಿಯೊ ಅವರ ಎಕ್ಸ್‌ಎಲ್ ನಿಕ್ಕಲ್ ರೌಂಡ್, ಮತ್ತು ಅವರದ್ದೇ ಕ್ರೋಮ್ಸ್ ಫ್ಲ್ಯಾಟ್. ಎರಡೂ 45, 65, 80, 100. ಅಂದರೆ ಜಿ ತಂತಿ 0.045 ಇಂಚು, ಇ ತಂತಿ 0.100 ಇಂಚು. ಪ್ರಿಸಿಷನ್‌ಗೆ ಮೊದಲು ರೌಂಡ್ ಹಾಕಿದೆ, ಅದು ಸಾಯುವವರೆಗೂ ನುಡಿಸಿದೆ. ಆಮೇಲೆ ಕ್ರೋಮ್ಸ್ ಹಾಕಿದೆ. ಅದು ಇನ್ನೂ ಸತ್ತಿಲ್ಲ.

ಹೊಸ ರೌಂಡ್‌ನ ಮಜಾ ಸುಳ್ಳಲ್ಲ. ಮೊದಲ ದಿನ ಖಾಲಿ ಇ ತಂತಿ ಬಿಟ್ಟರೆ ಆಂಪ್‌ನಿಂದ ಝೇಂ ಅಂತ ಪಿಯಾನೊದ ಹಾಗೆ ಬರುತ್ತದೆ, ಎಷ್ಟು ಹೊತ್ತಾದರೂ ನಿಲ್ಲಲ್ಲ. ಹನ್ನೆರಡನೇ ಫ್ರೆಟ್ (ಬೇಸ್‌ನ ಕತ್ತಿನ ಮೇಲಿನ ಲೋಹದ ಗೆರೆ) ಆಚೆಗೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪಿಕ್ ಹಿಡಿದರೆ ಟಣ್ ಅನ್ನುವ ಲೋಹದ ಅಂಚು ಸಿಗುತ್ತದೆ. ಇದೆಲ್ಲ ಚೆಂದ. ಆದರೆ ನನ್ನ ಕೈಯಲ್ಲಿ ಮೊದಲ ವಾರ ಮುಗಿಯುವ ಹೊತ್ತಿಗೆ ಹೊಳಪು ಇಳಿಯತೊಡಗುತ್ತದೆ. ತಿಂಗಳಾಗುವ ಹೊತ್ತಿಗೆ ಬೇರೆಯೇ ತಂತಿ. ಸುತ್ತುಗಳ ನಡುವಿನ ಸಂದುಗಳಲ್ಲಿ ಬೆವರು, ಎಣ್ಣೆ, ಚರ್ಮದ ಚೂರು ಹೋಗಿ ಕೂರುತ್ತದೆ. ಅದು ಎಲ್ಲ ಕಡೆ ಸಮನಾಗಿ ಕೂರಲ್ಲ, ಜಾಸ್ತಿ ಒತ್ತುವ ಜಾಗದಲ್ಲಿ ಜಾಸ್ತಿ. ಜೊತೆಗೆ ಫ್ರೆಟ್ ತಾಗುವ ಕಡೆ ತಂತಿ ಸವೆದು ಚಪ್ಪಟೆಯಾಗುತ್ತದೆ. ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇಲ್ಲದಿದ್ದರೆ ಹಾರ್ಮೋನಿಕ್‌ಗಳು ಜಾಗ ತಪ್ಪುತ್ತವೆ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಸ್ವಲ್ಪ ಆಚೀಚೆ ಆಗುತ್ತದೆ. ಎಷ್ಟು ಸಲ ಬ್ರಿಡ್ಜ್ ಸ್ಯಾಡಲ್ (ತಂತಿಯ ಬುಡದ ಆಸರೆ) ತಿರುಗಿಸಿದರೂ ಇಂಟೊನೇಷನ್, ಅಂದರೆ ಪ್ರತಿ ಫ್ರೆಟ್‌ನ ಶ್ರುತಿ, ಕೂರುತ್ತಿಲ್ಲ ಅಂದರೆ ಬೇಸ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ, ಮೊದಲು ತಂತಿ ಬದಲಿಸಿ ನೋಡಿ.

ಹಳೇ ರೌಂಡ್‌ನ ಶಬ್ದ ಫ್ಲ್ಯಾಟ್ ಹಾಗೇ ಇರುತ್ತದೆ ಅಂತ ಹೇಳುವವರಿದ್ದಾರೆ. ಇರಲ್ಲ. ಸತ್ತ ರೌಂಡ್‌ನಲ್ಲಿ ಮೇಲಿನ ಹೊಳಪು ಹೋಗಿರುತ್ತದೆ, ಆದರೆ ಅದರ ಜಾಗಕ್ಕೆ ಫ್ಲ್ಯಾಟ್‌ನ ಆ ಗಟ್ಟಿ 'ಧುಂ' ಬಂದಿರಲ್ಲ. ಬೆರಳಿನ ಕಿರ್ರ್ ಮಾತ್ರ ಹಾಗೇ ಉಳಿದಿರುತ್ತದೆ. ಒಳ್ಳೆಯದು ಹೋಗಿ ಕೆಟ್ಟದ್ದು ಉಳಿದಂತೆ. ಕೆಲವರಿಗೆ ಈ ಅರೆಸತ್ತ ರೌಂಡ್ ಇಷ್ಟ, ಅದು ರಾಕ್ ಹಾಡುಗಳಲ್ಲಿ ಚೆನ್ನಾಗಿ ಕೂರುತ್ತದೆ ಅಂತಾರೆ. ಇರಬಹುದು. ನನ್ನ ಸಮಸ್ಯೆ ಬೇರೆ. ಆ ಹದದಲ್ಲಿ ಅದು ಎಷ್ಟು ದಿನ ಇರುತ್ತದೆ ಅಂತ ಗೊತ್ತಾಗಲ್ಲ. ಇವತ್ತು ಆಂಪ್‌ನಲ್ಲಿ ಟ್ರೆಬಲ್ ಎಲ್ಲಿಟ್ಟರೆ ಸರಿ ಇತ್ತೋ ಮುಂದಿನ ಕಾರ್ಯಕ್ರಮದಲ್ಲಿ ಅಲ್ಲಿಟ್ಟರೆ ಸರಿ ಇರಲ್ಲ.

ಸತ್ತ ರೌಂಡ್ ಬದುಕಿಸುವ ಉಪಾಯಗಳಿವೆ. ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆದು ಒಣಗಿಸುವುದು ಹಳೇ ವಿದ್ಯೆ. ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸುವುದು ಅದಕ್ಕಿಂತ ವಾಸಿ, ತುಕ್ಕಿನ ಭಯ ಕಡಿಮೆ. ಎರಡೂ ಕೆಲಸ ಮಾಡುತ್ತವೆ, ಎರಡರ ಫಲವೂ ಜಾಸ್ತಿ ದಿನ ಇರಲ್ಲ, ಸವೆದ ಜಾಗವಂತೂ ವಾಪಸ್ ಬರಲ್ಲ. (ಸ್ಪಿರಿಟ್ ಹತ್ತಿರ ಬೆಂಕಿ ಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.) ಎಲಿಕ್ಸರ್ ಕಂಪನಿಯ ಥರದ ಲೇಪನ ಇರುವ ರೌಂಡ್ ಬೆವರುವ ಕೈಯವರಿಗೆ ಒಳ್ಳೆಯದು. ಮಾಮೂಲಿ ರೌಂಡ್‌ಗಿಂತ ಬಹಳ ದಿನ ಬಾಳುತ್ತದೆ. ಹಾಕಿದ ದಿನವೇ ಅದು ಮಾಮೂಲಿ ರೌಂಡ್‌ನಷ್ಟು ಹರಿತ ಇರಲ್ಲ, ಮೇಲ್ಮೈ ಒಂಥರಾ ಜಾರು. ಅಭ್ಯಾಸವಾದರೆ ತೊಂದರೆ ಇಲ್ಲ.

ಇನ್ನು ಕ್ರೋಮ್ಸ್. ಫ್ಲ್ಯಾಟ್ ಅಂದರೆ ಮಂಕು ಅಂತ ಅಂದುಕೊಂಡು ಇದನ್ನು ಹಾಕಿದವರಿಗೆ ಮೊದಲ ವಾರ ಅಚ್ಚರಿ. ಹೊಸ ಕ್ರೋಮ್ಸ್‌ನಲ್ಲಿ ಒಳ್ಳೇ ಕಿಣಿಕಿಣಿ ಇರುತ್ತದೆ. ಸ್ಟೇನ್‌ಲೆಸ್ ಪಟ್ಟಿ, ಚೆನ್ನಾಗಿ ಪಾಲಿಶ್ ಮಾಡಿದ್ದು. ಫ್ಲ್ಯಾಟ್‌ಗಳಲ್ಲಿ ಹೊಳಪಿನ ಕಡೆಗಿರುವ ಸೆಟ್ ಇದು. ಬೆರಳಿಗೆ ಮೊದಮೊದಲು ಅಂಟಿದಂತೆ ಆಗುತ್ತದೆ, ಜಾರಿಸಿದರೆ ಬೆರಳು ಹಿಡಿದು ನಿಲ್ಲಿಸಿದ ಹಾಗೆ. ನುಡಿಸುತ್ತಾ ಹೋದರೆ ಕೈಯ ಎಣ್ಣೆ ತಾಗಿ ಆ ಅಂಟು ಹೋಗುತ್ತದೆ, ಕಿಣಿಕಿಣಿಯೂ ಇಳಿಯುತ್ತದೆ. ಆಮೇಲೆ ಒಂದು ಹದಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಮುಂದೆ ಆಗುವ ಬದಲಾವಣೆ ಎಷ್ಟು ನಿಧಾನ ಅಂದರೆ, ಹಳೇ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ಕೇಳದೆ ಗೊತ್ತಾಗಲ್ಲ. ನನ್ನ ಬೆವರಿಗೆ ಕೂರಲು ಸಂದು ಇಲ್ಲ. ನುಡಿಸಿ ಮುಗಿಸಿ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ರೌಂಡ್‌ಗೆ ಪದೇಪದೇ ದುಡ್ಡು ಕೊಡುತ್ತೇವೆ, ಫ್ಲ್ಯಾಟ್‌ಗೆ ಒಂದೇ ಸಲ ದೊಡ್ಡದಾಗಿ ಕೊಡುತ್ತೇವೆ. ಒಳ್ಳೆಯ ಫ್ಲ್ಯಾಟ್ ಸೆಟ್ ಅಂಗಡಿಯಲ್ಲಿ ನೋಡಿದಾಗ ದುಬಾರಿ ಅನಿಸುವುದು ಸಹಜ. ಆದರೆ ಅದು ಬೇಸ್ ಮೇಲೆ ವರ್ಷಗಟ್ಟಲೆ ಇರುತ್ತದೆ. ಇದನ್ನು ಉಳಿತಾಯದ ಲೆಕ್ಕ ಅಂತ ಹೇಳುತ್ತಿಲ್ಲ. ಪ್ರತಿ ಸಲ ಬೇಸ್ ಎತ್ತಿಕೊಂಡಾಗ ಹೋದ ಸಲದ ಶಬ್ದವೇ ಸಿಗುತ್ತದೆ ಅನ್ನುವ ಭರವಸೆ ಇದೆಯಲ್ಲ, ನನಗೆ ಬೇಕಾದದ್ದು ಅದು.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹೆಸರು ಇಲ್ಲಿ ಬರಲೇಬೇಕು. 1962ರ ಪ್ರಿಸಿಷನ್, ಅದರ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪನೆಯ ಫ್ಲ್ಯಾಟ್, ಬ್ರಿಡ್ಜ್ ಮುಚ್ಚಳದ ಕೆಳಗೆ ಒಂದು ತುಂಡು ಫೋಮ್, ಬಲಗೈಯ ತೋರುಬೆರಳು ಒಂದೇ. ತಂತಿ ತುಂಡಾಗದ ಹೊರತು ಅವರು ಬದಲಿಸುತ್ತಿರಲಿಲ್ಲ. ಆ ದಪ್ಪದ ಸೆಟ್ ಈಗಲೂ ಸಿಗುತ್ತದೆ, 52ರಿಂದ 110. ಮೋಟೌನ್ ಶಬ್ದ ಬೇಕು ಅಂತ ಬಹಳ ಜನ ನೇರ ಅದನ್ನೇ ತರುತ್ತಾರೆ. ನನ್ನ ಸಲಹೆ ಕೇಳಿದರೆ, ಮೊದಲ ಫ್ಲ್ಯಾಟ್ ಆಗಿ ಅದು ಬೇಡ. ಎಡಗೈ ಸೋಲುತ್ತದೆ, ನಟ್‌ನ (ತಲೆ ಕಡೆ ತಂತಿ ಕೂರುವ ಪಟ್ಟಿ) ಕಚ್ಚು ಅಗಲ ಮಾಡಿಸಬೇಕಾಗಬಹುದು, ನೆಕ್ ಮೇಲೂ ಭಾರ. ಅದೇ ಕಂಪನಿಯ 45ರಿಂದ 105ರ ಡೀಪ್ ಟಾಕಿನ್ ಬೇಸ್ ಸೆಟ್ ಇದೆ. ಅದೇ ಕುಲದ ಶಬ್ದ, ಕೈಗೆ ಕರುಣೆ ಜಾಸ್ತಿ. ಕ್ರೋಮ್ಸ್‌ಗಿಂತ ಗಾಢ, ಕೆಳಗಿನ ಮಧ್ಯದ ಸ್ವರಗಳು ತುಂಬಿಕೊಂಡು ಬರುತ್ತವೆ. ಬ್ರಿಡ್ಜ್ ಹತ್ತಿರ ಒಂದು ಚೂರು ಸ್ಪಂಜು ಸಿಕ್ಕಿಸಿ ನುಡಿಸಿ ನೋಡಿ. ಸ್ವರ ಬಂದು, ಕೆಲಸ ಮುಗಿಸಿ, ಹೊರಟುಹೋಗುತ್ತದೆ.

ಬಿಗಿತದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಫ್ಲ್ಯಾಟ್ ಹಾಕಿ ವಾರದಲ್ಲೇ ಬಿಚ್ಚಿದವರಲ್ಲಿ ಬಹಳ ಜನ ಬಿಚ್ಚಿದ್ದು ಶಬ್ದಕ್ಕಲ್ಲ, ಕೈ ನೋವಿಗೆ. ಒಂದೇ ದಪ್ಪದ ರೌಂಡ್ ಮತ್ತು ಫ್ಲ್ಯಾಟ್ ತೆಗೆದುಕೊಂಡರೆ ಫ್ಲ್ಯಾಟ್‌ನಲ್ಲಿ ಖಾಲಿ ಜಾಗ ಕಡಿಮೆ, ಲೋಹ ಜಾಸ್ತಿ. ತೂಕದ ತಂತಿಯನ್ನು ಅದೇ ಶ್ರುತಿಗೆ ತರಲು ಜಾಸ್ತಿ ಎಳೆಯಬೇಕು. ಅದರ ಮೇಲೆ ಪಟ್ಟಿ ಸುತ್ತಿದ ತಂತಿ ಬಾಗುವುದೂ ಕಷ್ಟ. ಹೀಗಾಗಿ 45-100 ಅಂತ ಪ್ಯಾಕೆಟ್ ಮೇಲೆ ಒಂದೇ ಅಂಕಿ ಇದ್ದರೂ ಬೆರಳಿಗೆ ಎರಡೂ ಒಂದೇ ಅನಿಸಲ್ಲ. ಅಂಕಿ ನೋಡಿ ಕೊಳ್ಳಬೇಡಿ, ಕಂಪನಿಯವರು ಬಿಗಿತದ ಪಟ್ಟಿ ಕೊಟ್ಟಿದ್ದರೆ ಅದನ್ನು ನೋಡಿ.

ಈ ನಿಯಮಕ್ಕೆ ದೊಡ್ಡ ಅಪವಾದ ವಿಯೆನ್ನಾದ ಥೋಮಾಸ್ಟಿಕ್-ಇನ್‌ಫೆಲ್ಡ್ ಅವರ ಜಾಝ್ ಫ್ಲ್ಯಾಟ್ಸ್. 43, 56, 70, 100. ನಡುವಿನ ಎರಡು ತಂತಿ ನೋಡಿ, ಬೇರೆ ಸೆಟ್‌ಗಿಂತ ಎಷ್ಟು ತೆಳ್ಳಗಿವೆ. ಎಳೆದರೆ ಬಳುಕುತ್ತವೆ, ಹೆಚ್ಚಿನ ರೌಂಡ್‌ಗಳಿಗಿಂತಲೂ ಸಡಿಲ. ಶಬ್ದದಲ್ಲಿ ನಡುವಿನ ಭಾಗ ಎದ್ದು ಕಾಣುತ್ತದೆ, ಒಂದು ಥರ ಹಾಡುವ ಗುಣ ಇದೆ. ನಿಧಾನದ ಹಾಡಿನಲ್ಲಿ ಸ್ವರ ಹಿಡಿದು ನಿಲ್ಲಿಸಿದರೆ ಅಳುವ ಹಾಗೆ ಬೆಳೆಯುತ್ತದೆ. ನಾನು ಇದಕ್ಕೆ ಮನಸೋತಿದ್ದೇನೆ, ಆದರೆ ಎಲ್ಲರಿಗೂ ಹೇಳಲ್ಲ. ಬಲಗೈ ಗಟ್ಟಿ ಇರುವವರು ಹೊಡೆದರೆ ತಂತಿ ಫ್ರೆಟ್‌ಗೆ ಬಡಿದು ಗಲಗಲ ಅನ್ನುತ್ತದೆ. ಪಿಕ್ ಹಿಡಿದು ಜೋರಾಗಿ ಬಾರಿಸುವವರಿಗೆ ಇದು ಆಗಿಬರಲ್ಲ. ತಂತಿಗಳನ್ನು ತೀರಾ ಕೆಳಗಿಟ್ಟುಕೊಂಡು ಮೆಲ್ಲಗೆ ನುಡಿಸುವವರಾದರೆ ಮೊದಲು ಸ್ವಲ್ಪ ಮೇಲೆತ್ತಿಸಿಕೊಳ್ಳಿ. ಬೆಲೆಯಲ್ಲಿ ಇದು ಮೇಲಿನ ಸಾಲಿನದು, ಬಾಳಿಕೆಯಲ್ಲೂ.

'ಫ್ಲ್ಯಾಟ್ ಅಂದರೆ ಹಳೇ ಹಾಡು, ಜಾಝ್, ಮೆತ್ತಗಿನ ಸಂಗೀತ' ಅನ್ನುವ ಲೆಕ್ಕ ಬಿಡಿ. ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ದಶಕಗಳಿಂದ ರೋಟೊಸೌಂಡ್ ಫ್ಲ್ಯಾಟ್ ಮೇಲೆಯೇ ಕುದುರೆ ಓಟದ ಹಾಗೆ ಬೆರಳು ಓಡಿಸುತ್ತಿದ್ದಾರೆ. ಅವರ ಹೆಸರಿನ ಸೆಟ್ 50ರಿಂದ 110, ಭರ್ಜರಿ ದಪ್ಪ. ತಮಾಷೆ ಅಂದರೆ ಅವರು ಫ್ಲ್ಯಾಟ್ ತಂತಿಯನ್ನು ಕಾರ್ಯಕ್ರಮಕ್ಕೊಂದು ಸಲ ಬದಲಿಸುತ್ತಾರೆ, ಏಕೆಂದರೆ ಅವರಿಗೆ ಬೇಕಾದದ್ದು ಹೊಸ ಫ್ಲ್ಯಾಟ್‌ನ ಆ ಕಿಣಿಕಿಣಿ. ಜೇಮರ್ಸನ್ ಮತ್ತು ಹ್ಯಾರಿಸ್ ಇಬ್ಬರದ್ದೂ ಪ್ರಿಸಿಷನ್, ಇಬ್ಬರದ್ದೂ ಫ್ಲ್ಯಾಟ್. ಒಬ್ಬರ ತಂತಿಗೆ ವರ್ಷಗಳ ವಯಸ್ಸು, ಇನ್ನೊಬ್ಬರದ್ದಕ್ಕೆ ಗಂಟೆಗಳ ವಯಸ್ಸು. ಶಬ್ದ ಕೇಳಿದರೆ ಇಬ್ಬರೂ ಒಂದೇ ಥರದ ತಂತಿ ಹಾಕಿದ್ದಾರೆ ಅಂತ ಯಾರೂ ಹೇಳಲ್ಲ.

ಆ ಕಡೆ ನೋಡಿದರೆ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್. ಫ್ರೆಟ್‌ಲೆಸ್‌ಗೆ (ಫ್ರೆಟ್ ಇಲ್ಲದ ಬೇಸ್‌ಗೆ) ಫ್ಲ್ಯಾಟ್ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೆರಳು ಒತ್ತುವ ಮರದ ಹಲಗೆ ಸವೆಯಬಾರದಲ್ಲ. ಜಾಕೊ ಹಾಕಿದ್ದು ಸ್ವಿಂಗ್ ಬೇಸ್ 66 ರೌಂಡ್. ಹಲಗೆ ಉಳಿಸಲು ಅದರ ಮೇಲೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಬಳಿದಿದ್ದರು. ಆ 'ಮ್ವಾ' ಶಬ್ದಕ್ಕೆ ರೌಂಡ್‌ನ ಮೇಲಿನ ಹಾರ್ಮೋನಿಕ್ ಬೇಕೇ ಬೇಕು. ನಿಮ್ಮ ಫ್ರೆಟ್‌ಲೆಸ್‌ನ ಹಲಗೆಗೆ ಯಾವ ಲೇಪನವೂ ಇಲ್ಲದಿದ್ದರೆ ಫ್ಲ್ಯಾಟ್ ಅಥವಾ ಹಾಫ್ ರೌಂಡ್ ಹಾಕಿ. ಸ್ಟೇನ್‌ಲೆಸ್ ರೌಂಡ್ ಅಂತೂ ಮರವನ್ನು ಗರಗಸದ ಹಾಗೆ ತಿನ್ನುತ್ತದೆ. ಫ್ರೆಟ್ ಇರುವ ಬೇಸ್‌ನಲ್ಲೂ ಸ್ಟೇನ್‌ಲೆಸ್ ರೌಂಡ್ ಮಾಮೂಲಿ ಫ್ರೆಟ್‌ಗಳನ್ನು ಬೇಗ ಸವೆಸುತ್ತದೆ, ನಿಕ್ಕಲ್ ಲೇಪನದ್ದು ಸ್ವಲ್ಪ ನಿಧಾನ.

ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಫ್ಲ್ಯಾಟ್ ಸೋಲುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೋಣೆಯಲ್ಲಿ, ಹೆಡ್‌ಫೋನ್‌ನಲ್ಲಿ, ಬೇರೆ ವಾದ್ಯ ಇಲ್ಲದೆ ಕೇಳಿದರೆ ರೌಂಡ್‌ನಲ್ಲಿ ವಿವರ ಜಾಸ್ತಿ, ಬಣ್ಣ ಜಾಸ್ತಿ. ತಂಡದ ಜೊತೆ ಕೂತಾಗ ಚಿತ್ರ ತಿರುಗುತ್ತದೆ. ರೌಂಡ್‌ನ ಆ ವಿವರಗಳೆಲ್ಲ ಇರುವ ಜಾಗದಲ್ಲೇ ಗಿಟಾರ್, ಕೀಬೋರ್ಡ್, ಸಿಂಬಲ್, ಹಾಡುವವರ ಉಚ್ಚಾರ ಎಲ್ಲ ತುಂಬಿರುತ್ತವೆ. ಅಲ್ಲಿ ಬೇಸ್‌ನ ಕಿರ್ರ್ ಬರೀ ಗಲಾಟೆಯಾಗಿ ಉಳಿಯುತ್ತದೆ. ಸೌಂಡ್ ಎಂಜಿನಿಯರ್ ಮೊದಲು ಕತ್ತರಿಸುವುದೂ ಅದನ್ನೇ. ಫ್ಲ್ಯಾಟ್ ಆ ಜಾಗಕ್ಕೆ ಕಾಲಿಡಲ್ಲ, ಕಿಕ್ ಡ್ರಮ್ ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ನಾನು ಫ್ಲ್ಯಾಟ್ ಹಾಕಿದ ಮೇಲೆ ನಮ್ಮ ಹಾಡುಗಾರ್ತಿ ಹೇಳಿದ್ದು ಒಂದೇ ಮಾತು: "ಇವತ್ತು ನನ್ನ ದನಿ ನನಗೆ ಕೇಳಿಸ್ತಾ ಇದೆ." ತಂತಿ ಬದಲಾಗಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಇದಕ್ಕೆ ಎದುರು ವಾದ ಗಟ್ಟಿಯಾದದ್ದೇ ಇದೆ. ಬೇಸ್‌ನ ಖಾಲಿ ಇ ತಂತಿ 41 ಹರ್ಟ್ಸ್ ಸುಮಾರು. ಫೋನ್‌ನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗೆ ಹೋಗುವ ತಾಕತ್ತಿಲ್ಲ. 82, 123, ಇನ್ನೂ ಮೇಲಿನ ಹಾರ್ಮೋನಿಕ್‌ಗಳು ಕೇಳಿಸಿದರೆ ಕಿವಿ ತಾನೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾರ್ಮೋನಿಕ್ ಕಡಿಮೆ ಇರುವ ಫ್ಲ್ಯಾಟ್ ಬೇಸ್ ಫೋನ್‌ನಲ್ಲಿ ಕೇಳಿದರೆ ಮಾಯ. ಜನ ಫೋನ್‌ನಲ್ಲೇ ಕೇಳುತ್ತಾರೆ, ಏನು ಮಾಡೋಣ? ಹಾಗಾಗಿ ರೆಕಾರ್ಡಿಂಗ್ ಮಾಡುವಾಗ ಫ್ಲ್ಯಾಟ್‌ಗೆ ಸ್ವಲ್ಪ ಡ್ರೈವ್ (ಶಬ್ದವನ್ನು ಒರಟು ಮಾಡುವ ಎಫೆಕ್ಟ್) ಸೇರಿಸುತ್ತೇನೆ, ಇಲ್ಲವೇ ಪಿಕ್ ಹಿಡಿಯುತ್ತೇನೆ. ಫ್ಲ್ಯಾಟ್, ಪಿಕ್, ಬ್ರಿಡ್ಜ್ ಹತ್ತಿರ ತಂತಿಗೆ ತಾಗುವ ಹಾಗೆ ಒಂದು ತುಂಡು ಫೆಲ್ಟ್. ಲಾಸ್ ಏಂಜಲೀಸ್ ಸ್ಟುಡಿಯೊಗಳಲ್ಲಿ ಬೇಸ್ ವಾದಕಿ ಕ್ಯಾರೊಲ್ ಕೇ ನುಡಿಸುತ್ತಿದ್ದದ್ದು ಈ ಜೋಡಣೆಯಲ್ಲೇ. ಸಣ್ಣ ಸ್ಪೀಕರ್‌ನಲ್ಲೂ ಪ್ರತಿ ಸ್ವರದ ಮೊದಲ ಏಟು ಖಚಿತವಾಗಿ ಕೇಳುತ್ತದೆ. ಬರೀ ಬೆರಳಲ್ಲಿ ಅದು ಸಿಗಲ್ಲ.

"ರೌಂಡ್ ಹಾಕಿ ಟೋನ್ ನಾಬ್ ಪೂರ್ತಿ ಮುಚ್ಚಿದರೆ ಫ್ಲ್ಯಾಟ್ ಆಯಿತಲ್ಲ, ಇದೆಲ್ಲ ಯಾಕೆ?" ಈ ಪ್ರಶ್ನೆ ತಪ್ಪದೆ ಬರುತ್ತದೆ. ಟೋನ್ ನಾಬ್ ಸ್ವರದ ಮೊದಲ ಕ್ಷಣದಿಂದ ಕೊನೆಯವರೆಗೂ ಒಂದೇ ಸಮ ಟ್ರೆಬಲ್ ಕತ್ತರಿಸುತ್ತದೆ. ಫ್ಲ್ಯಾಟ್ ಹಾಗಲ್ಲ. ಮೊದಲ ಏಟಿನಲ್ಲಿ ಎಲ್ಲ ಇರುತ್ತದೆ, ಆಮೇಲೆ ಮೇಲಿನದು ಬೇಗ ಸಾಯುತ್ತದೆ. ಅದಕ್ಕೇ ನಾಬ್ ಮುಚ್ಚಿದ ರೌಂಡ್ ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ನಾಬ್ ತೆರೆದ ಫ್ಲ್ಯಾಟ್‌ನಲ್ಲಿ ಏಟು ಸ್ಪಷ್ಟ. ಫ್ಲ್ಯಾಟ್ ಹಾಕಿದವರು ನಾಬ್ ತೆರೆದೇ ಇಡಿ. ಮುಚ್ಚಿಟ್ಟು "ಏನೂ ಕೇಳ್ತಿಲ್ಲ" ಅನ್ನಬೇಡಿ.

ಹಾಕುವ ಕ್ರಮ. ರೌಂಡ್‌ನಿಂದ ಫ್ಲ್ಯಾಟ್‌ಗೆ ಬಂದರೆ ಬಿಗಿತ ಬದಲಾಗುತ್ತದೆ, ನೆಕ್ ಮುಂದಕ್ಕೆ ಬಾಗಬಹುದು. ಒಂದೆರಡು ದಿನ ಬಿಟ್ಟು ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ನೋಡಿ, ಸ್ವಲ್ಪಸ್ವಲ್ಪವೇ ತಿರುಗಿಸಿ, ಕೈ ಬಾರದಿದ್ದರೆ ತಿಳಿದವರಿಗೆ ಕೊಡಿ. ತಂತಿ ಕತ್ತರಿಸುವಾಗ ಜಾಗ್ರತೆ. ಮೊದಲು ಕತ್ತರಿಸಬೇಕಾದ ಜಾಗಕ್ಕಿಂತ ಹಿಂದೆ ತೊಂಬತ್ತು ಡಿಗ್ರಿ ಬಗ್ಗಿಸಿ, ಆಮೇಲೆ ಆ ಬಾಗಿನ ಆಚೆ ಕತ್ತರಿಸಿ. ನೇರ ಇರುವಾಗಲೇ ಕತ್ತರಿಸಿದರೆ ಒಳಗೆ ಸುತ್ತು ಸಡಿಲವಾಗಿ ಆ ತಂತಿ ಹೊಸದಾಗಿಯೇ ಸಾಯುತ್ತದೆ. ಶ್ರುತಿ ಮಾಡುವ ಕೀಲಿಗೆ ಸುತ್ತುವಾಗ ತಂತಿ ತಿರುಚಿಕೊಳ್ಳಬಾರದು. ಹಿಂಬದಿಯಿಂದ ಮರದೊಳಗೆ ತೂರಿಸುವ ಬ್ರಿಡ್ಜ್ ಇದ್ದರೆ, ಫ್ಲ್ಯಾಟ್‌ಗೆ ಆ ದಾರಿ ಬೇಡ. ಅಷ್ಟು ಚೂಪಾದ ತಿರುವಿನಲ್ಲಿ ಪಟ್ಟಿ ಬಿರುಕು ಬಿಡುತ್ತದೆ. ಬ್ರಿಡ್ಜ್ ಹಿಂದಿನಿಂದಲೇ ಹಾಕಲು ಬರುತ್ತಿದ್ದರೆ ಹಾಗೆ ಹಾಕಿ. ಸ್ಕೇಲ್ ಕೂಡ ನೋಡಿಕೊಳ್ಳಿ. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗೆ ಲಾಂಗ್ ಸ್ಕೇಲ್ ಫ್ಲ್ಯಾಟ್ ತಂದು ಕತ್ತರಿಸಿದರೆ ದಪ್ಪನೆಯ ಭಾಗವೇ ಕೀಲಿಗೆ ಸುತ್ತಿಕೊಳ್ಳುತ್ತದೆ, ಪಟ್ಟಿ ಬಿಚ್ಚಿಕೊಳ್ಳುತ್ತದೆ.

ಒಮ್ಮೆ ಒಂದು ಕಂಪನಿಯ ಫ್ಲ್ಯಾಟ್ ಸೆಟ್‌ನಲ್ಲಿ ಇ ತಂತಿ ಪ್ಯಾಕೆಟ್‌ನಲ್ಲೇ ಸತ್ತಿತ್ತು. ಹೆಸರು ಬೇಡ. ಬೇರೆ ಮೂರು ಹಾಡುತ್ತಿದ್ದರೆ ಇದು ಮರದ ತುಂಡಿನ ಹಾಗೆ 'ಥಪ್' ಅನ್ನುತ್ತಿತ್ತು. ಬದಲಿಸಿ ಕೊಡಿ ಅಂದರೆ "ಫ್ಲ್ಯಾಟ್ ಅಂದ್ರೆ ಹಾಗೇ ಸಾರ್, ಹೊಂದಿಕೊಳ್ಳುತ್ತೆ" ಅಂದರು. ಹೊಂದಿಕೊಳ್ಳಲಿಲ್ಲ. ಫ್ಲ್ಯಾಟ್ ಎಷ್ಟೇ ಗಾಢವಾಗಿರಲಿ, ನಾಲ್ಕೂ ತಂತಿ ಒಂದೇ ಮನೆಯವರ ಹಾಗೆ ಕೇಳಬೇಕು. ಒಂದು ಮಾತ್ರ ಬೇರೆ ಥರ ಇದ್ದರೆ ಕಾಯುವುದು ದಂಡ.

ಯಾರಿಗೆ ಯಾವುದು ಅಂತ ಖಡಾಖಂಡಿತ ಹೇಳಿ ಅಂದರೆ, ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಹೊಡೆಯುವುದು) ನಿಮ್ಮ ಮುಖ್ಯ ಕೆಲಸವಾದರೆ ಕಣ್ಣು ಮುಚ್ಚಿ ರೌಂಡ್. ಫ್ಲ್ಯಾಟ್ ಮೇಲೆ ಸ್ಲ್ಯಾಪ್ ಆಗುತ್ತದೆ, ಆದರೆ ಪಾಪ್ ಮಾಡಿದಾಗ (ತಂತಿ ಎಳೆದು ಬಿಟ್ಟಾಗ) ಆ ಛಟ್ ಸಿಗಲ್ಲ. ಡಿಸ್ಟಾರ್ಷನ್ ಜೊತೆ ಹರಿತ ಬೇಕಾದರೆ ಮತ್ತೆ ರೌಂಡ್, ಅದರಲ್ಲೂ ಸ್ಟೇನ್‌ಲೆಸ್. ಕಾರ್ಡ್‌ಗಳು, ಟ್ಯಾಪಿಂಗ್, ಮೇಲಿನ ಫ್ರೆಟ್‌ಗಳಲ್ಲಿ ರಾಗದ ಸಾಲು ಇವಕ್ಕೂ ರೌಂಡ್. ಫ್ಲ್ಯಾಟ್‌ನ ಇ ತಂತಿ ಏಳನೇ ಫ್ರೆಟ್ ದಾಟಿದ ಮೇಲೆ ಸ್ವರಕ್ಕಿಂತ ಸದ್ದೇ ಜಾಸ್ತಿ. ಅದೇ ಸ್ವರವನ್ನು ಎ ತಂತಿಯಲ್ಲಿ ಹಿಡಿಯುವುದು ವಾಸಿ. ಐದು ತಂತಿಯ ಬೇಸ್ ಇದ್ದರೆ ಇನ್ನೂ ಯೋಚಿಸಿ. 31 ಹರ್ಟ್ಸ್‌ನ ಬಿ ತಂತಿ ಫ್ಲ್ಯಾಟ್‌ನಲ್ಲಿ ನನಗೆ ಒಪ್ಪಿಗೆಯಾಗುವ ಹಾಗೆ ಕೇಳಿಸಿದ್ದು ಕಡಿಮೆ. ಐದು ತಂತಿಗೆ ಲೇಪನದ ರೌಂಡ್ ಹಾಕಿ ಅಂತಲೇ ಹೇಳುತ್ತೇನೆ.

ಹಾಫ್ ರೌಂಡ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಹಾಕಿದ್ದೆ, ತೆಗೆದೆ. ಜಾರು ಚೆನ್ನಾಗಿದೆ, ಕಿರ್ರ್ ಕಡಿಮೆ. ಆದರೆ ಸಂದು ಪೂರ್ತಿ ಮುಚ್ಚಿರಲ್ಲವಾದ್ದರಿಂದ ನನ್ನ ಬೆವರಿಗೆ ಅದೂ ಸೋತಿತು. ಬಾಳಿಕೆ ರೌಂಡ್‌ನದ್ದು, ಹೊಳಪು ಫ್ಲ್ಯಾಟ್‌ನದ್ದು. ನನಗೆ ಬೇಕಾದದ್ದು ಇದರ ಉಲ್ಟಾ.

ಈಗ ನನ್ನ ಪ್ರಿಸಿಷನ್ ಮೇಲೆ ಕ್ರೋಮ್ಸ್ ಇದೆ, ತೆಗೆಯುವ ಯೋಚನೆ ಇಲ್ಲ. ಮುಂದೆ ಬದಲಿಸಿದರೆ 45-105ರ ಲಾ ಬೆಲ್ಲಾಗೆ ಹೋಗುತ್ತೇನೆ. ಜಾಝ್ ಬೇಸ್ ಮೇಲೆ ನಿಕ್ಕಲ್ ರೌಂಡ್ ಹಾಕಿಟ್ಟಿದ್ದೇನೆ. ಆ ಎರಡು ಪಿಕಪ್‌ನ ಗುರುಗುಟ್ಟುವಿಕೆ ರೌಂಡ್ ಇಲ್ಲದೆ ಬರಲ್ಲ. ಎರಡು ಬೇಸ್ ಇರುವವರಿಗೆ ಈ ಹಂಚಿಕೆ ಸುಲಭ. ಒಂದೇ ಬೇಸ್ ಇದ್ದು, ಕೈ ಬೆವರುತ್ತಿದ್ದು, ಹಾಡಿನ ಹಿಂದೆ ನಿಲ್ಲುವ ಕೆಲಸ ನಿಮ್ಮದಾದರೆ ಕ್ರೋಮ್ಸ್ ತನ್ನಿ. ಹಾಕಿದ ವಾರ ಯಾವ ತೀರ್ಮಾನಕ್ಕೂ ಬರಬೇಡಿ, ತಿಂಗಳು ತಂಡದ ಜೊತೆ ನುಡಿಸಿ. ಇಷ್ಟವಾಗದಿದ್ದರೆ ಬಿಚ್ಚಿ, ಸುರುಳಿ ಮಾಡಿ ಪ್ಯಾಕೆಟ್‌ನಲ್ಲಿಡಿ. ಅದೇ ಬೇಸ್‌ಗೆ ಮತ್ತೆ ಹಾಕಲು ಬರುತ್ತದೆ. ಹಳೇ ಫ್ಲ್ಯಾಟ್‌ಗೆ ಕೊಳ್ಳುವವರೂ ಸಿಗುತ್ತಾರೆ. ಹಳೇ ರೌಂಡ್‌ನ್ನು ಬಿಟ್ಟಿ ಕೊಟ್ಟರೂ ಯಾರೂ ಒಯ್ಯಲ್ಲ.